ಜನವರಿ ಒಂದರ ಪಟ್ಟಿ

ಪ್ರತಿ ವರ್ಷ ಜನವರಿ 1ರಂದು ದೆಹಲಿಯಲ್ಲೂ ಇಸ್ಲಾಮಾಬಾದಿನಲ್ಲೂ ಒಂದೇ ಹೊತ್ತಿಗೆ ಎರಡು ಪಟ್ಟಿಗಳ ವಿನಿಮಯ ನಡೆಯುತ್ತದೆ. ಭಾರತದ ಪರಮಾಣು ಸ್ಥಾವರಗಳು ಎಲ್ಲೆಲ್ಲಿವೆ ಎಂಬುದನ್ನು ಅಕ್ಷಾಂಶ, ರೇಖಾಂಶ ಸಮೇತ ನಮ್ಮವರು ಬರೆದುಕೊಡುತ್ತಾರೆ. ಪಾಕಿಸ್ತಾನದವರು ತಮ್ಮದನ್ನು ಕೊಡುತ್ತಾರೆ. ಮರುದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. 1992ರಿಂದ ಇದು ಒಂದು ವರ್ಷವೂ ತಪ್ಪಿಲ್ಲ. 2026ರ ಜನವರಿ 1ರದ್ದು 35ನೆಯ ವಿನಿಮಯ.

ಇದಕ್ಕೆ ಆಧಾರ 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದಿನಲ್ಲಿ ಆದ ಒಪ್ಪಂದ. ರಾಜೀವ್ ಗಾಂಧಿ, ಬೆನಜೀರ್ ಭುಟ್ಟೊ ಇಬ್ಬರ ಸಮ್ಮುಖದಲ್ಲಿ ವಿದೇಶಾಂಗ ಕಾರ್ಯದರ್ಶಿಗಳಾದ ಕೆ.ಪಿ.ಎಸ್. ಮೆನನ್ ಮತ್ತು ಹುಮಾಯೂನ್ ಖಾನ್ ಸಹಿ ಹಾಕಿದರು. 1991ರ ಜನವರಿ 27ರಂದು ಅದು ಜಾರಿಗೆ ಬಂತು. ಪೂರ್ತಿ ಒಪ್ಪಂದ ಓದಲು ಐದು ನಿಮಿಷವೂ ಬೇಡ, ಅಷ್ಟು ಚಿಕ್ಕದು. ಒಬ್ಬರ ಪರಮಾಣು ಸ್ಥಾವರದ ಮೇಲೆ ಇನ್ನೊಬ್ಬರು ನೇರವಾಗಿಯಾಗಲಿ, ಬೇರೆಯವರ ಕೈಯಿಂದಾಗಲಿ ದಾಳಿ ಮಾಡಬಾರದು. ವರ್ಷಕ್ಕೊಮ್ಮೆ ನಿಗದಿತ ದಿನ ಪಟ್ಟಿ ಕೊಡಬೇಕು. ವಿದ್ಯುತ್ ಸ್ಥಾವರ, ಸಂಶೋಧನಾ ರಿಯಾಕ್ಟರ್, ಇಂಧನ ತಯಾರಿಕೆ, ಯುರೇನಿಯಂ ಸಂವರ್ಧನೆ, ಮರುಸಂಸ್ಕರಣೆ, ವಿಕಿರಣ ವಸ್ತುಗಳ ದಾಸ್ತಾನು, ಎಲ್ಲವೂ ಇದರ ವ್ಯಾಪ್ತಿಯಲ್ಲಿ ಬರುತ್ತವೆ.

ಈ ಒಪ್ಪಂದ ಹುಟ್ಟಿದ್ದು ಸ್ನೇಹದಿಂದಲ್ಲ, ಭಯದಿಂದ. 1981ರ ಜೂನ್ 7ರಂದು ಇಸ್ರೇಲಿನ ವಿಮಾನಗಳು ಇರಾಕಿನ ಒಸಿರಾಕ್ ರಿಯಾಕ್ಟರನ್ನು ಕೆಡವಿದವು. ಹನ್ನೆರಡು ದಿನಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಖಂಡನೆಯ ನಿರ್ಣಯ ಮಾಡಿತು. ಆದರೆ ಅಷ್ಟರಲ್ಲಿ ಜಗತ್ತಿಗೆ ಒಂದು ಹೊಸ ದಾರಿ ಕಂಡುಬಿಟ್ಟಿತ್ತು. ಇಸ್ರೇಲ್ ಮಾಡಿದ್ದನ್ನು ಭಾರತ ಯುರೇನಿಯಂ ಸಂವರ್ಧನಾ ಕೇಂದ್ರವಿದ್ದ ಕಹುಟಾದಲ್ಲಿ ಮಾಡಬಹುದು ಎಂಬ ಅಂಜಿಕೆ ಪಾಕಿಸ್ತಾನಕ್ಕೆ ಹೊಕ್ಕಿತು. 1983ರಲ್ಲಿ ವಿಯೆನ್ನಾದಲ್ಲಿ ನಡೆದ ಒಂದು ಭೇಟಿಯ ಬಗ್ಗೆ ಜಾರ್ಜ್ ಪರ್ಕೋವಿಚ್ ಭಾರತದ ಬಾಂಬಿನ ಇತಿಹಾಸದಲ್ಲಿ ಬರೆದಿದ್ದಾರೆ. ಪಾಕಿಸ್ತಾನದ ಪರಮಾಣು ಶಕ್ತಿ ಆಯೋಗದ ಮುಖ್ಯಸ್ಥ ಮುನೀರ್ ಅಹ್ಮದ್ ಖಾನ್ ನಮ್ಮ ರಾಜಾ ರಾಮಣ್ಣ ಅವರನ್ನು ಕಂಡರು. ನೀವು ಕಹುಟಾಕ್ಕೆ ಕೈ ಹಚ್ಚಿದರೆ ನಾವು ಟ್ರಾಂಬೆಗೆ ಕೈ ಹಚ್ಚುತ್ತೇವೆ ಎಂಬ ಸಂದೇಶ ಅಲ್ಲಿ ದಾಟಿತು.

ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಹುಟ್ಟಿದ, ಪಿಯಾನೊ ನುಡಿಸುತ್ತಿದ್ದ ರಾಮಣ್ಣನವರನ್ನು ಕನ್ನಡಿಗರು ನೆನೆಯುವುದು 1974ರ ಮೇ 18ರ ಪೋಖ್ರಾನ್ ಸ್ಫೋಟಕ್ಕಾಗಿ. ನನ್ನ ಎಣಿಕೆಯಲ್ಲಿ ವಿಯೆನ್ನಾದ ಆ ಭೇಟಿ ಅದಕ್ಕಿಂತ ದೊಡ್ಡದು. ಬಾಂಬಿನ ಒಳಹೊರಗು ಬಲ್ಲ ಇಬ್ಬರು ಎದುರುಬದುರು ಕೂತು, ರಿಯಾಕ್ಟರ್ ಒಡೆದರೆ ಏನಾಗುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲದಷ್ಟು ಸ್ಪಷ್ಟವಾಗಿ ತಿಳಿದುಕೊಂಡು ಆಡಿದ ಮಾತು ಅದು. 1985ರ ಡಿಸೆಂಬರಿನಲ್ಲಿ ಜಿಯಾ ಉಲ್ ಹಕ್ ದೆಹಲಿಗೆ ಬಂದಾಗ ಸ್ಥಾವರಗಳ ಮೇಲೆ ದಾಳಿ ಬೇಡ ಎಂಬ ಬಾಯಿಮಾತಿನ ಒಪ್ಪಿಗೆಯಾಯಿತು. ನಡುವೆ ಬ್ರಾಸ್‌ಟ್ಯಾಕ್ಸ್ ಸಮರಾಭ್ಯಾಸದಿಂದ ಎರಡೂ ಸೇನೆಗಳು ಗಡಿಗೆ ಬಂದು ನಿಂತವು. ಆಮೇಲೆ ಸಹಿ.

ಟ್ರಾಂಬೆ ಎಂದರೆ ಮುಂಬೈ. ದಕ್ಷಿಣ ಸೊಲ್ಲಾಪುರದ ಮಂದ್ರೂಪ, ಅಕ್ಕಲಕೋಟೆಯ ಹಳ್ಳಿಗಳು, ಆಚೆಗೆ ವಿಜಯಪುರ ಜಿಲ್ಲೆಯ ಇಂಡಿ, ಈ ಭಾಗದಲ್ಲಿ ಮುಂಬೈ ಪುಣೆಗಳಿಗೆ ದುಡಿಯಲು ಹೋದ ಮಗನೋ ಅಳಿಯನೋ ಇಲ್ಲದ ಮನೆ ಅಪರೂಪ. ವಿಯೆನ್ನಾದಲ್ಲಿ ಒತ್ತೆಯಿಟ್ಟದ್ದು ಒಂದು ಸಂಶೋಧನಾ ಕೇಂದ್ರವನ್ನಲ್ಲ, ಅದರ ಸುತ್ತ ಚಾಳುಗಳಲ್ಲಿ ಇದ್ದವರನ್ನು. ಆ ಜನರಲ್ಲಿ ನಮ್ಮವರೂ ಇದ್ದರು. ದೊಡ್ಡವರ ರಾಜಕಾರಣ ನಮಗೇಕೆ ಎಂದು ಕಟ್ಟೆಯ ಮೇಲೆ ಕೇಳುವವರಿಗೆ ನಾನು ಹೇಳುವುದು ಇದನ್ನೇ.

ಈ ಪದ್ಧತಿಯ ದೊಡ್ಡ ಗುಣ ಅದರ ತಾರೀಕು. ಸಂಬಂಧ ಸುಧಾರಿಸಿದಾಗ ಕೊಡೋಣ, ಮಾತುಕತೆ ಶುರುವಾದ ಮೇಲೆ ನೋಡೋಣ ಎಂಬ ಅವಕಾಶವೇ ಅದರಲ್ಲಿಲ್ಲ. ಕಂದಹಾರದಲ್ಲಿ ಐಸಿ-814 ವಿಮಾನದ ಒತ್ತೆಯಾಳುಗಳು ಬಿಡುಗಡೆಯಾದದ್ದು 1999ರ ಡಿಸೆಂಬರ್ 31ರಂದು. ಮರುದಿನವೇ ಪಟ್ಟಿಗಳು ಹೋದವು. ಸಂಸತ್ತಿನ ಮೇಲೆ ದಾಳಿಯಾಗಿ ಲಕ್ಷಾಂತರ ಸೈನಿಕರು ಗಡಿಗೆ ಸಾಗುತ್ತಿದ್ದ 2002ರ ಜನವರಿ 1ರಂದೂ ಹೋದವು. ಮುಂಬೈ ದಾಳಿಯಾಗಿ ಐದೇ ವಾರ ಕಳೆದಿದ್ದ 2009ರ ಜನವರಿಯಲ್ಲೂ ನಿಲ್ಲಲಿಲ್ಲ. ಪಹಲ್ಗಾಮ್ ಹತ್ಯಾಕಾಂಡದ ಬಳಿಕ 2025ರ ಏಪ್ರಿಲಿನಲ್ಲಿ ಭಾರತ ಸಿಂಧೂ ಜಲ ಒಪ್ಪಂದವನ್ನು ತಡೆಹಿಡಿಯಿತು, ಪಾಕಿಸ್ತಾನ ಶಿಮ್ಲಾ ಒಪ್ಪಂದವನ್ನೇ ಅಮಾನತಿನಲ್ಲಿಡುವ ಮಾತಾಡಿತು, ಮೇ ತಿಂಗಳಲ್ಲಿ ನಾಲ್ಕು ದಿನ ಕ್ಷಿಪಣಿ, ಡ್ರೋನುಗಳು ಹಾರಿದವು. 1988ರ ಈ ಕಾಗದವನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಬದುವಿನ ಜಗಳ ಕೋರ್ಟಿಗೇರಿದ ದಾಯಾದಿಗಳೂ ಒಬ್ಬರ ಬಾವಿಗೆ ಒಬ್ಬರು ವಿಷ ಹಾಕುವುದಿಲ್ಲ. ಅಷ್ಟರಮಟ್ಟಿನ ವಿವೇಕ ಎರಡೂ ಸರ್ಕಾರಗಳಲ್ಲಿ ಉಳಿದಿದೆ.

ಆ ಮೇ ತಿಂಗಳಲ್ಲಿ ಇನ್ನೂ ಒಂದು ಸಂಗತಿ ನಡೆಯಿತು. ಪಾಕಿಸ್ತಾನದ ಕಿರಾನಾ ಬೆಟ್ಟದ ಅಣ್ವಸ್ತ್ರ ದಾಸ್ತಾನಿನ ಮೇಲೆ ಭಾರತ ಬಾಂಬ್ ಹಾಕಿದೆ, ವಿಕಿರಣ ಸೋರುತ್ತಿದೆ ಎಂಬ ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಎಷ್ಟೋ ಮಂದಿ ಅದನ್ನು ಹೆಮ್ಮೆಯಿಂದ ಹಂಚಿಕೊಂಡರು. ಕಿರಾನಾವನ್ನು ಹೊಡೆದಿಲ್ಲ ಎಂದು ನಮ್ಮ ವಾಯುಪಡೆ ಹೇಳಿತು. ಸೋರಿಕೆ ಆಗಿಲ್ಲ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹೇಳಿತು. ಅಂದರೆ ಸೇನೆ ಗೌರವಿಸಿದ ಗೆರೆಯನ್ನು ಜನ ದಾಟಿ ಸಂಭ್ರಮಿಸಿದ್ದರು. ಹೀಗೊಂದು ಗೆರೆ ಇದೆ, ಅದನ್ನು ಎಳೆದವರಲ್ಲಿ ನಮ್ಮವರೂ ಇದ್ದಾರೆ ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ. ನನಗೆ ಇದು ಒಪ್ಪಂದದ ಮೊದಲ ಸೋಲಾಗಿ ಕಾಣುತ್ತದೆ. 35 ಸಲ ನಡೆದರೂ ಅದು ಅಧಿಕಾರಿಗಳ ಕೋಣೆಯಿಂದ ಹೊರಗೆ ಬಂದಿಲ್ಲ.

ಹೊರಗಿನ ಜಗತ್ತನ್ನು ನೋಡಿದರೆ ಈ ಗೆರೆಯ ಬೆಲೆ ಇನ್ನಷ್ಟು ತಿಳಿಯುತ್ತದೆ. 2022ರ ಮಾರ್ಚಿನಲ್ಲಿ ರಷ್ಯಾ ಉಕ್ರೇನಿನ ಝಪೊರಿಝಿಯಾ ಸ್ಥಾವರವನ್ನು ವಶಪಡಿಸಿಕೊಂಡಿತು. ಯುರೋಪಿನ ಅತಿ ದೊಡ್ಡ ಪರಮಾಣು ವಿದ್ಯುತ್ ಕೇಂದ್ರ ರಣರಂಗವಾಯಿತು. 2025ರ ಜೂನಿನಲ್ಲಿ ಇರಾನಿನ ನತಾಂಜ್, ಫೋರ್ಡೋ, ಇಸ್ಫಹಾನ್ ಕೇಂದ್ರಗಳ ಮೇಲೆ ಬಾಂಬು ಬಿತ್ತು. ಅಮೆರಿಕ, ರಷ್ಯಾಗಳ ಅಣ್ವಸ್ತ್ರಗಳಿಗೆ ಮಿತಿ ಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದದ ಅವಧಿ 2026ರ ಫೆಬ್ರವರಿ 5ಕ್ಕೆ ತೀರಿತು. ನಿಶ್ಶಸ್ತ್ರೀಕರಣದ ಪಾಠ ಹೇಳುತ್ತಿದ್ದ ದೊಡ್ಡ ದೇಶಗಳು ಕಟ್ಟಿದ್ದನ್ನೆಲ್ಲ ಕಳಚುತ್ತಿರುವಾಗ, ಸದಾ ಜಗಳದಲ್ಲಿರುವ ನಮ್ಮ ಎರಡು ದೇಶಗಳು ಒಂದು ನಿಯಮವನ್ನಾದರೂ ಕಾಪಾಡಿವೆ. ಇದನ್ನು ಗಟ್ಟಿ ದನಿಯಲ್ಲಿ ಹೇಳಿಕೊಳ್ಳಬೇಕು.

ಆದರೆ ಹೊಗಳಿಕೆ ಇಲ್ಲಿಗೆ ಮುಗಿಯುತ್ತದೆ. ಪಟ್ಟಿಯನ್ನು ಅವರವರೇ ಬರೆಯುತ್ತಾರೆ, ಪರಿಶೀಲಿಸುವವರಿಲ್ಲ. ಎದುರಿನವರ ಪಟ್ಟಿ ಅಪೂರ್ಣ ಎಂಬ ಅನುಮಾನ ಮೊದಲ ವರ್ಷವೇ ಎದ್ದಿತ್ತು. ಇದು ಅಷ್ಟು ದೊಡ್ಡ ದೋಷವೆಂದು ನಾನು ಹೇಳಲಾರೆ. ತಪಾಸಣೆಯ ಷರತ್ತು ಹಾಕಿದ್ದರೆ ಒಪ್ಪಂದವೇ ಹುಟ್ಟುತ್ತಿರಲಿಲ್ಲ. ನಿಜವಾದ ಕೊರತೆ ಬೇರೆ: ಇದು ಬೆಳೆಯಲಿಲ್ಲ. 1988ರಲ್ಲಿ ಎರಡೂ ದೇಶಗಳು ತಾವು ಅಣ್ವಸ್ತ್ರ ಹೊಂದಿರುವುದಾಗಿ ಘೋಷಿಸಿಕೊಂಡಿರಲಿಲ್ಲ. ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆಯ ಅಂದಾಜಿನಂತೆ 2025ರ ಆರಂಭಕ್ಕೆ ಭಾರತದ ಬಳಿ ಸುಮಾರು 180, ಪಾಕಿಸ್ತಾನದ ಬಳಿ ಸುಮಾರು 170 ಸಿಡಿತಲೆಗಳಿದ್ದವು. ಅಪಾಯ ಇಷ್ಟು ಬೆಳೆದರೂ ಒಪ್ಪಂದ ಅಂದು ಇದ್ದಷ್ಟೇ ಇದೆ.

ಅದೇ 1988ರ ಜೂನ್ 9ರಂದು ರಾಜೀವ್ ಗಾಂಧಿ ವಿಶ್ವಸಂಸ್ಥೆಯ ಮುಂದೆ ಇಟ್ಟ ಯೋಜನೆ ನೆನಪಾಗುತ್ತದೆ. ಮೂರು ಹಂತಗಳಲ್ಲಿ, 2010ರ ಹೊತ್ತಿಗೆ ಭೂಮಿಯ ಮೇಲೆ ಒಂದೂ ಅಣ್ವಸ್ತ್ರ ಇರಬಾರದು ಎಂಬ ಯೋಜನೆ. ಅದು ಸರಿಯಾದ ಕನಸು ಎಂದೇ ನಾನು ನಂಬುತ್ತೇನೆ. ದೊಡ್ಡ ದೇಶಗಳು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ, 1998ರ ಮೇ ತಿಂಗಳಲ್ಲಿ, ನಾವೇ ಪೋಖ್ರಾನಿನಲ್ಲಿ ಐದು ಸ್ಫೋಟ ಮಾಡಿದೆವು. ಚಾಗೈಯಲ್ಲಿ ಪಾಕಿಸ್ತಾನ ಉತ್ತರ ಕೊಟ್ಟಿತು. ಜಗತ್ತನ್ನೆಲ್ಲ ತಿದ್ದಹೊರಟ ಯೋಜನೆ ಕಡತ ಸೇರಿತು. ಆರು ತಿಂಗಳ ನಂತರ ಸಹಿಯಾದ ಪುಟ್ಟ ಒಪ್ಪಂದ ಬದುಕಿತು. ಅದರಿಂದ ಸಣ್ಣದನ್ನೇ ಕೇಳಿ ತೃಪ್ತರಾಗಿ ಎಂಬ ಪಾಠ ಕೆಲವರು ತೆಗೆಯುತ್ತಾರೆ. ನಾನು ಒಪ್ಪುವುದಿಲ್ಲ. ಸಣ್ಣ ಒಪ್ಪಂದ ಬದುಕಿದ್ದು ಮುಂದಿನ ಮೆಟ್ಟಿಲಿಗೆ ಕಾಲಿಡಲಿ ಎಂದು. ನಾವು ಆ ಮೆಟ್ಟಿಲ ಮೇಲೆ ನಿಂತೇ ಬಿಟ್ಟೆವು.

ಮುಂದಿನ ಹೆಜ್ಜೆಗಳು ಆಗಲೇ ಇಲ್ಲ ಎಂದಲ್ಲ. 1999ರ ಫೆಬ್ರವರಿ 21ರಂದು ಲಾಹೋರಿನಲ್ಲಿ ವಾಜಪೇಯಿ ಮತ್ತು ನವಾಜ್ ಷರೀಫ್ ಒಳ್ಳೆಯ ಬುನಾದಿ ಹಾಕಿದರು. ಕಾರ್ಗಿಲ್ ಅದನ್ನು ಕೆಡಿಸಿತು. 2005ರಲ್ಲಿ ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆಗೆ ಮುಂಚಿತವಾಗಿ ತಿಳಿಸುವ ಒಪ್ಪಂದ, 2007ರಲ್ಲಿ ಅಣ್ವಸ್ತ್ರ ಅವಘಡದ ಅಪಾಯ ತಗ್ಗಿಸುವ ಒಪ್ಪಂದ ಆದವು. ಇವುಗಳ ನಿಜವಾದ ಪರೀಕ್ಷೆ ಬಂದದ್ದು 2022ರ ಮಾರ್ಚ್ 9ರಂದು. ಸಿರ್ಸಾ ಕಡೆಯಿಂದ ನಮ್ಮದೊಂದು ಬ್ರಹ್ಮೋಸ್ ಕ್ಷಿಪಣಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾ ಚನ್ನು ಬಳಿ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ನಮ್ಮ ರಕ್ಷಣಾ ಇಲಾಖೆ ಬಹಿರಂಗವಾಗಿ ಒಪ್ಪಿಕೊಂಡದ್ದು ಮಾರ್ಚ್ 11ರಂದು. ಬ್ರಹ್ಮೋಸ್ ಕ್ರೂಸ್ ಕ್ಷಿಪಣಿ. 2005ರ ಒಪ್ಪಂದ ಬ್ಯಾಲಿಸ್ಟಿಕ್ ಕ್ಷಿಪಣಿಗೆ ಮಾತ್ರ. ಒಂದು ಕ್ಷಿಪಣಿ ಗಡಿ ದಾಟಲು ಬೇಕಾದದ್ದು ಕೆಲವೇ ನಿಮಿಷ. ತಪ್ಪಾಯಿತು ಎಂದು ಹೇಳಲು ಎರಡು ದಿನ ಹಿಡಿದರೆ ಎದುರಿನವನು ಸುಮ್ಮನೆ ಕೂತದ್ದು ಅವನ ಸಂಯಮ, ನಮ್ಮ ವ್ಯವಸ್ಥೆಯ ಹಿರಿಮೆಯಲ್ಲ. ಮೂವರು ವಾಯುಪಡೆ ಅಧಿಕಾರಿಗಳನ್ನು ವಜಾ ಮಾಡಲಾಯಿತು. ಒಪ್ಪಂದದ ಕಿಂಡಿ ಹಾಗೇ ಉಳಿಯಿತು.

ಇನ್ನೊಂದು ಕೊರತೆ ನಮ್ಮ ಸೀಮೆಯವರಿಗೆ ಬೇಗ ಅರ್ಥವಾಗುವಂಥದ್ದು. ಯುದ್ಧದಲ್ಲಿ ಅಣೆಕಟ್ಟು ಒಡೆದರೆ ಆಗುವ ಸಾವು ಸಣ್ಣದಲ್ಲ. 1977ರ ಜಿನೀವಾ ಹೆಚ್ಚುವರಿ ಪ್ರೋಟೋಕಾಲ್ ಪರಮಾಣು ವಿದ್ಯುತ್ ಸ್ಥಾವರಗಳ ಜೊತೆಗೆ ಅಣೆಕಟ್ಟು, ಒಡ್ಡುಗಳನ್ನೂ ದಾಳಿಯಿಂದ ರಕ್ಷಿಸುತ್ತದೆ. ಭಾರತ, ಪಾಕಿಸ್ತಾನ ಎರಡೂ ಅದನ್ನು ಅನುಮೋದಿಸಿಲ್ಲ. ಭೀಮೆಗೆ ಉಜನಿಯಿಂದ ಎಷ್ಟು ನೀರು ಬಿಟ್ಟರು ಎಂಬುದರ ಮೇಲೆ ಸೊಲ್ಲಾಪುರದ ಕಬ್ಬು, ವಿಜಯಪುರ ಕಲಬುರಗಿ ದಡದ ಊರುಗಳ ಕುಡಿಯುವ ನೀರು ನಿಂತಿವೆ. ನೀರು ಹೆಚ್ಚಾದರೆ ಏನಾಗುತ್ತದೆ ಎಂಬುದನ್ನೂ ದಡದ ಜನ ಕಂಡಿದ್ದಾರೆ. ಭಾಕ್ರಾ, ತರ್ಬೇಲಾಗಳ ಕೆಳಗೆ ಇರುವವರ ಪಾಡು ಇದಕ್ಕಿಂತ ಬೇರೆ ಅಲ್ಲ. ರಿಯಾಕ್ಟರಿಗೆ ಇರುವ ರಕ್ಷಣೆ ಅಣೆಕಟ್ಟಿಗೂ ಬೇಕು ಎಂದು ಕೇಳುವುದರಲ್ಲಿ ಅತಿ ಏನೂ ಇಲ್ಲ.

ಗೋಪ್ಯತೆಯ ವಿಷಯಕ್ಕೆ ಬಂದರೆ ಕೈಗಾ ನೆನಪಾಗದೆ ಇರದು. ಕಾಳಿ ನದಿಯ ದಡದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳು. ಅಮೆರಿಕದೊಂದಿಗಿನ ಅಣು ಒಪ್ಪಂದದ ವೇಳೆ ಮಾಡಿದ ವಿಂಗಡಣೆಯಲ್ಲಿ ಈ ನಾಲ್ಕನ್ನೂ ಅಂತರರಾಷ್ಟ್ರೀಯ ತಪಾಸಣೆಯ ಹೊರಗೆ ಇಡಲಾಯಿತು. ಕಟ್ಟುವ ಕಾಲದಲ್ಲೇ, 1994ರ ಮೇ 13ರಂದು, ಮೊದಲ ಘಟಕದ ಗುಮ್ಮಟದ ಒಳಪದರ ಕುಸಿದಿತ್ತು. ಈ ಸ್ಥಾವರವನ್ನು ವಿರೋಧಿಸಿ ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಊರೂರು ತಿರುಗಿದರು, 1989ರಲ್ಲಿ ಲೋಕಸಭೆಗೂ ನಿಂತರು. ಅವರು ಕೇಳಿದ ಮುಖ್ಯ ಪ್ರಶ್ನೆ ಸುರಕ್ಷತೆಯದು, ಜನರಿಗೆ ಮಾಹಿತಿ ಕೊಡುವುದರದು. ನಮ್ಮ ಸರ್ಕಾರ ಸ್ಥಾವರಗಳ ಅಕ್ಷಾಂಶ ರೇಖಾಂಶವನ್ನು ಇಸ್ಲಾಮಾಬಾದಿಗೆ ಪ್ರತಿ ವರ್ಷ ಬರೆದುಕೊಡುತ್ತದೆ; ತನ್ನ ಪ್ರಜೆಗಳಿಗೆ ಆ ಪಟ್ಟಿಯನ್ನು ಒಮ್ಮೆಯೂ ತೋರಿಸಿಲ್ಲ. ಶತ್ರು ಎಂದು ಕರೆಯುವವರಿಗೆ ತಿಳಿದದ್ದು ಕಾರವಾರ, ಯಲ್ಲಾಪುರದವರಿಗೆ ತಿಳಿದರೆ ದೇಶಕ್ಕೆ ಏನು ಕೇಡು?

ಅದೇ ಜನವರಿ 1ರಂದು ಇನ್ನೊಂದು ಪಟ್ಟಿಯೂ ಹೋಗುತ್ತದೆ. ಪರಸ್ಪರರ ಜೈಲುಗಳಲ್ಲಿರುವ ಮೀನುಗಾರರ, ನಾಗರಿಕ ಕೈದಿಗಳ ಪಟ್ಟಿ. 2008ರ ಒಪ್ಪಂದದಂತೆ ಜುಲೈ 1ರಂದು ಮತ್ತೊಮ್ಮೆ. ಸಮುದ್ರದಲ್ಲಿ ಗೆರೆ ಕಾಣದೆ ಆಚೆ ಹೋದ ಬಡವರು ಇವರು, ಹೆಚ್ಚಿನವರು ಗುಜರಾತಿನವರು. ಶಿಕ್ಷೆ ಮುಗಿದರೂ ಬಿಡುಗಡೆಯಾಗದವರನ್ನು ಕಳಿಸಿಕೊಡಿ ಎಂದು ನಮ್ಮ ವಿದೇಶಾಂಗ ಇಲಾಖೆ ಪ್ರತಿ ಸಲ ಕೇಳುತ್ತದೆ. ಸ್ಥಾವರಗಳ ಪಟ್ಟಿ ಕೊಟ್ಟ ದಿನವೇ ಅದರ ಫಲವಾಗಿ ಒಂದು ಸ್ಥಾವರ ಸುರಕ್ಷಿತ. ಮನುಷ್ಯರ ಪಟ್ಟಿ ಕೊಟ್ಟರೆ ಮನುಷ್ಯ ಮನೆ ಸೇರುವುದಿಲ್ಲ. ರಾಜತಾಂತ್ರಿಕತೆಯ ಈ ಅಸಮತೋಲನ ನನ್ನನ್ನು ತುಂಬ ನೋಯಿಸುತ್ತದೆ.

ಗಡಿಯ ಕಾಗದಗಳು ಕಪಾಟಿನಲ್ಲಿ ಹೇಗೆ ಕೂರುತ್ತವೆ ಎಂಬುದು ಮಂದ್ರೂಪದವರಿಗೆ ಹೊಸದಲ್ಲ. ಮಹಾರಾಷ್ಟ್ರ, ಕರ್ನಾಟಕ ಗಡಿಯ ಬಗ್ಗೆ ಮಹಾಜನ ಆಯೋಗ ವರದಿ ಕೊಟ್ಟದ್ದು 1967ರಲ್ಲಿ; ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಗಳ ಪ್ರಶ್ನೆ ಇಂದಿಗೂ ಭಾಷಣಗಳಲ್ಲಿ ಬಂದು ಹೋಗುತ್ತದೆ. ಆದರೆ ಈ ಜಗಳದ ನಡುವೆಯೂ ಮರಾಠಿ, ಕನ್ನಡ ಎರಡನ್ನೂ ಆಡುವ ಜನ ಒಂದೇ ಪೇಟೆಯಲ್ಲಿ ಉಳ್ಳಾಗಡ್ಡಿ ಮಾರಿ ಬರುತ್ತಾರೆ. ನೆರೆಯವರೊಂದಿಗೆ ತಕರಾರು ಇಟ್ಟುಕೊಂಡೇ ಬದುಕುವುದು ಹೇಗೆಂದು ತಿಳಿದಿರುವ ಇಂಥ ಸೀಮೆಯಿಂದ ದೆಹಲಿಗೆ ಪ್ರಶ್ನೆ ಹೋಗಬೇಕು. ಸೊಲ್ಲಾಪುರ, ವಿಜಯಪುರ, ಉತ್ತರ ಕನ್ನಡದ ಸಂಸದರು ಲೋಕಸಭೆಯಲ್ಲಿ ಕೇಳಬಹುದು: ಕ್ರೂಸ್ ಕ್ಷಿಪಣಿಗಳನ್ನು ಮುನ್ಸೂಚನೆಯ ಒಪ್ಪಂದಕ್ಕೆ ಸೇರಿಸಲು ಪಾಕಿಸ್ತಾನದ ಮುಂದೆ ಪ್ರಸ್ತಾವ ಇಟ್ಟಿದ್ದೀರಾ? ಆಕಸ್ಮಿಕ ಉಡಾವಣೆಯಾದರೆ ಎಷ್ಟು ನಿಮಿಷದೊಳಗೆ ಹಾಟ್‌ಲೈನಿನಲ್ಲಿ ತಿಳಿಸಬೇಕೆಂಬ ನಿಯಮ ಇದೆಯೇ? ಮುಂದಿನ ಜನವರಿ 1ರ ಲಕೋಟೆಯಲ್ಲಿ ಅಣೆಕಟ್ಟುಗಳ ಹೆಸರಿರುವ ಇನ್ನೊಂದು ಹಾಳೆ ಸೇರಿಸಲು ಏನು ಅಡ್ಡಿ?