ನುಸಿಗುಳಿಗೆಯ ವಾಸನೆಗೆ ವಿನೆಗರ್ ಮದ್ದಲ್ಲ

ವರಮಹಾಲಕ್ಷ್ಮಿ ಹಬ್ಬ ಬರುವುದು ಶ್ರಾವಣದಲ್ಲಿ, ಮಳೆ ಹಿಡಿದು ಕೂತಿರುವ ಹೊತ್ತಿಗೆ. ವರ್ಷವಿಡೀ ಬೀರುವಿನಲ್ಲಿ ಮಲಗಿದ್ದ ರೇಷ್ಮೆ ಸೀರೆ ಹೊರಬರುವುದೂ ಆಗಲೇ. ಮಡಿಕೆ ಬಿಚ್ಚಿದ ಕೂಡಲೇ ನುಸಿಗುಳಿಗೆಯ ಘಾಟು ಮೂಗಿಗೆ ಬಡಿಯುತ್ತದೆ. ಸೆರಗಿನ ಒಳಪದರಕ್ಕೆ ಮೂಗಿಟ್ಟರಂತೂ ತಲೆಯೇ ಹಿಡಿದುಕೊಳ್ಳುತ್ತದೆ. ಬಿಸಿಲಿಗೆ ಹಾಕೋಣವೆಂದರೆ ಬಿಸಿಲಿಲ್ಲ, ಒಗೆಯೋಣವೆಂದರೆ ಜರಿ ಸೀರೆ. ಆಗ ಸಲಹೆಗಳು ಸಾಲುಗಟ್ಟುತ್ತವೆ: ವಿನೆಗರ್ ಚಿಮುಕಿಸಿ, ಅಡುಗೆ ಸೋಡಾ ಉದುರಿಸಿ, ನಿಂಬೆರಸ ಹಾಕಿ, ಏನೂ ಆಗದಿದ್ದರೆ ಸೆಂಟು ಹೊಡೆಯಿರಿ. ತಲೆಮಾರಿನಿಂದ ತಲೆಮಾರಿಗೆ ದಾಟಿಬಂದ ಈ ಮನೆಮದ್ದುಗಳನ್ನು ಒರೆಗೆ ಹಚ್ಚಿದರೆ ಉಳಿಯುವುದು ಬಹಳ ಕಡಿಮೆ.

ಹಳೆಯ ಬಗೆಯ ನುಸಿಗುಳಿಗೆ ಅಂದರೆ ನ್ಯಾಫ್ತಲೀನ್. ಕಲ್ಲಿದ್ದಲ ಡಾಂಬರಿನಿಂದ ಸಿಗುವ ಈ ಬಿಳಿ ವಸ್ತುವಿಗೆ 1821ರಲ್ಲಿ ಜಾನ್ ಕಿಡ್ ಹೆಸರಿಟ್ಟ. 1826ರಲ್ಲಿ ಮೈಕೆಲ್ ಫ್ಯಾರಡೆ ಅದರ ರಾಸಾಯನಿಕ ಸೂತ್ರ ಕಂಡುಕೊಂಡ. ಇದು ಕರಗಲು 80 ಡಿಗ್ರಿ ಶಾಖ ಬೇಕು. ಆದರೆ ಕರಗುವವರೆಗೆ ಅದು ಕಾಯುವುದಿಲ್ಲ. ಕೋಣೆಯ ಶಾಖದಲ್ಲೇ ಗಟ್ಟಿರೂಪದಿಂದ ನೇರವಾಗಿ ಆವಿಯಾಗುತ್ತದೆ. ಯುಗಾದಿಗೆ ಇಟ್ಟ ಗೋಲಿಗಾತ್ರದ ಗುಳಿಗೆ ಶ್ರಾವಣದ ಹೊತ್ತಿಗೆ ಕಡಲೆಯಷ್ಟಾಗಿರುವುದು ಹೀಗೆ. ಸವೆದುಹೋದದ್ದರಲ್ಲಿ ಒಂದು ಪಾಲು ಸೀರೆಯ ಎಳೆಗಳಲ್ಲೇ ಕೂತಿರುತ್ತದೆ. ವಾಸನೆ ಹೋಗಬೇಕಾದರೆ ಆ ಪಾಲು ಬಟ್ಟೆ ಬಿಟ್ಟು ಹೊರಡಬೇಕು.

ವಿನೆಗರ್ ಅದನ್ನು ಹೊರಡಿಸುತ್ತದೆಯೇ? ವಿನೆಗರ್ ಆಮ್ಲ, ಕ್ಷಾರದ ಜೊತೆ ಗುದ್ದಾಡಬಲ್ಲದು. ಬಟ್ಟೆಯಲ್ಲಿ ಉಳಿದ ಸೋಪಿನ ಕ್ಷಾರವನ್ನೂ ಮೂತ್ರದ ಅಮೋನಿಯಾವನ್ನೂ ಅದು ತಗ್ಗಿಸುತ್ತದೆ. ಅಷ್ಟು ಕೀರ್ತಿ ಅದಕ್ಕೆ ಸಲ್ಲಲಿ. ಅಡುಗೆ ಸೋಡಾ ಇದರ ತಿರುವುಮುರುವು: ಹುಳಿ ಬೆವರಿನ ವಾಸನೆಗೆ ಅದು ಸರಿ. ನ್ಯಾಫ್ತಲೀನ್ ಅತ್ತ ಆಮ್ಲವೂ ಅಲ್ಲ, ಇತ್ತ ಕ್ಷಾರವೂ ಅಲ್ಲ. ಇವೆರಡರಲ್ಲಿ ಯಾವುದು ಸುರಿದರೂ ಅದಕ್ಕೆ ಲೆಕ್ಕವಿಲ್ಲ. ಹಾಗಿದ್ದರೂ ‘ನಮ್ಮ ಮನೆಯಲ್ಲಿ ವಿನೆಗರ್ ಹಾಕಿದ್ದಕ್ಕೇ ಹೋಯಿತು’ ಎನ್ನುವವರು ಬೇಕಾದಷ್ಟು ಮಂದಿ. ಅವರು ಸುಳ್ಳು ಹೇಳುತ್ತಿಲ್ಲ. ವಿನೆಗರ್ ಹಾಕಿದ ಮೇಲೆ ಸೀರೆಯನ್ನು ಒಂದೆರಡು ದಿನ ಹರವಿರುತ್ತಾರೆ. ದುಡಿದದ್ದು ಗಾಳಿ, ಹೆಸರು ವಿನೆಗರಿಗೆ. ಸೋಡಾ ಪುಡಿಯಂತೂ ಜರಿಯ ಸಂದಿನಲ್ಲಿ ಸಿಕ್ಕಿಕೊಂಡರೆ ಕೊಡವಿದಷ್ಟೂ ಉಳಿಯುತ್ತದೆ, ಕ್ಷಾರ ರೇಷ್ಮೆಗೆ ಒಗ್ಗುವುದೂ ಇಲ್ಲ.

ಸೆಂಟಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಲ್ಲಿಗೆ ಸೆಂಟು ಹೊಡೆದ ನ್ಯಾಫ್ತಲೀನ್ ಎರಡೂ ವಾಸನೆ ಹೊಡೆಯುತ್ತದೆ.

ಗಾಳಿಗೆ ಸ್ವಲ್ಪ ಶಾಖ ಸೇರಿದರೆ ಕೆಲಸ ಬೇಗ ಆಗುತ್ತದೆ. ಶಾಖ 10 ಡಿಗ್ರಿ ಏರಿದರೆ ನ್ಯಾಫ್ತಲೀನಿನ ಆವಿಯ ಒತ್ತಡ ಸುಮಾರು ಎರಡೂವರೆ ಪಟ್ಟಾಗುತ್ತದೆ. ಹಾಗೆಂದು ರೇಷ್ಮೆಯನ್ನು ಉರಿಬಿಸಿಲಿಗೆ ಹಾಕಿದರೆ ಬಣ್ಣ ಮಂಕಾಗಿ ಎಳೆ ಬಲ ಕಳೆದುಕೊಳ್ಳುತ್ತದೆ. ಪಡಸಾಲೆಯ ಹಗ್ಗದ ಮೇಲೆ ಒಂದೇ ಪದರವಾಗಿ ಹರವಿ, ಕಿಟಕಿ ತೆರೆದು ಫ್ಯಾನ್ ಹಾಕುವುದು ಮೇಲು. ಮಳೆಗಾಲದ ತೇವ ನೀರು ಒಣಗುವುದನ್ನು ತಡೆಯುತ್ತದೆ, ನ್ಯಾಫ್ತಲೀನ್ ಹಾರುವುದನ್ನು ಹಾಗೆ ತಡೆಯಲಾರದು. ಇಲ್ಲಿ ಆತುರವೇ ತೊಡಕು: ಹಬ್ಬದ ಹಿಂದಿನ ಸಂಜೆ ಬೀರು ತೆಗೆದವರಿಗೆ ಯಾವ ಉಪಾಯವೂ ಇಲ್ಲ. ಮೀನಿನ ತೊಟ್ಟಿಗೆ ಹಾಕುವ ಸಕ್ರಿಯ ಇದ್ದಿಲು ಕೂಡ ಆವಿಯನ್ನು ಹೀರಿಕೊಳ್ಳುತ್ತದೆ. ಬಟ್ಟೆಗೆ ತಾಗದಂತೆ ಗಂಟು ಕಟ್ಟಿಟ್ಟರಾಯಿತು.

ನೀರಿನಲ್ಲಿ ಒಗೆದರೆ ಸಾಲದೇ ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ. ಒಂದು ಲೀಟರ್ ನೀರಿನಲ್ಲಿ ಕರಗುವ ನ್ಯಾಫ್ತಲೀನ್ ಸುಮಾರು 30 ಮಿಲಿಗ್ರಾಂ. ಮೂರು ಗ್ರಾಮಿನ ಒಂದೇ ಗುಳಿಗೆ ಪೂರ್ತಿ ಕರಗಲು ನೂರು ಲೀಟರಿನಷ್ಟು ಬೇಕು. ಹತ್ತಿ ಬಟ್ಟೆಗೆ ಬಿಸಿನೀರು, ಡಿಟರ್ಜೆಂಟ್ ಸೇರಿದರೆ ಸ್ಥಿತಿ ಸುಧಾರಿಸುತ್ತದೆ, ಆದರೆ ರೇಷ್ಮೆಗೆ ಅದು ಆಗಿಬರದು. ಡ್ರೈಕ್ಲೀನಿಂಗ್ ದ್ರಾವಕ ಮಾತ್ರ ನ್ಯಾಫ್ತಲೀನನ್ನು ಚೆನ್ನಾಗಿ ಕರಗಿಸುತ್ತದೆ. ಅಲ್ಲಿಗೆ ಒಂದು ವಾಸನೆ ಹೋಗಿ ಇನ್ನೊಂದು ಬರಬಹುದು: ಸರಿಯಾಗಿ ಒಣಗಿಸದ ಪೆಟ್ರೋಲ್ ವಾಶ್ ಸೀರೆ ಪ್ಲಾಸ್ಟಿಕ್ ಚೀಲದೊಳಗೆ ಗಬ್ಬೆನ್ನುತ್ತದೆ. ಮನೆಗೆ ತಂದೊಡನೆ ಆ ಚೀಲ ತೆಗೆಯಬೇಕು. ವಾಸನೆ ಆರುವವರೆಗೆ ಇಸ್ತ್ರಿ ಮುಟ್ಟಿಸಕೂಡದು, ಬೆಂಕಿ ಹತ್ತೀತು.

ಇಷ್ಟೆಲ್ಲ ಪಾಡು ಪಡಿಸುವ ಪದ್ಧತಿಗೇ ಅಂಕ ಕೊಡಬೇಕೆಂದರೆ ಕೈ ಬಿಗಿಯಾಗುತ್ತದೆ. ನುಸಿ ಸಾಯಬೇಕಾದರೆ ಭದ್ರವಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ದಟ್ಟವಾಗಬೇಕು. ದಿನಕ್ಕೆ ಹತ್ತು ಸಲ ತೆರೆಯುವ ಬೀರುವಿನಲ್ಲಿ ಆವಿ ಹುಳುವಿಗೆ ಸಾಲದು, ಮನೆಯವರ ಮೂಗಿಗೆ ಮಾತ್ರ ಧಾರಾಳ. 2002ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನ್ಯಾಫ್ತಲೀನನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿತು. 2008ರಲ್ಲಿ ಯೂರೋಪಿಯನ್ ಒಕ್ಕೂಟ ಇದರ ಗುಳಿಗೆಗಳನ್ನೇ ನಿಷೇಧಿಸಿತು. ಹೆಚ್ಚು ಆತಂಕ ಹಸುಗೂಸುಗಳದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಿಗೆ ಗುಳಿಗೆಯ ಜೊತೆ ಇಟ್ಟಿದ್ದ ಬಟ್ಟೆ ಹೊದಿಸಿದಾಗ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಏರಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಣ್ಣನ ಟೋಪಿ, ಅಕ್ಕನ ಉಣ್ಣೆ ಶಾಲು ಪೆಟ್ಟಿಗೆಯಿಂದ ತೆಗೆದು ಬಾಣಂತಿ ಕೋಣೆಗೆ ಒಯ್ಯುವುದು ನಮ್ಮಲ್ಲಿ ವಾಡಿಕೆಯೇ.

ಬಟ್ಟೆ ತಿನ್ನುವುದು ನುಸಿಯ ಮರಿಹುಳು. ಅದಕ್ಕೆ ಬೇಕಾದದ್ದು ಉಣ್ಣೆ, ರೇಷ್ಮೆ, ಅದರಲ್ಲೂ ಬೆವರು-ಎಣ್ಣೆ ಅಂಟಿದ್ದು. ಶುಚಿ ಮಾಡಿ, ಹಳೆಯ ಮಲ್ ಪಂಚೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸುವ ಸೀರೆಗೆ ಗುಳಿಗೆಯ ಹಂಗಿಲ್ಲ. ಪಾಲಿಸ್ಟರನ್ನಂತೂ ನುಸಿ ಆಹಾರವೆಂದೇ ಎಣಿಸದು. ಆದರೂ ಎಷ್ಟೋ ಮನೆಗಳಲ್ಲಿ ಪಾಲಿಸ್ಟರ್ ಅಂಗಿಗಳ ನಡುವೆಯೂ ನಾಲ್ಕು ಗುಳಿಗೆ ಬಿದ್ದಿರುತ್ತವೆ. ಎಣ್ಣೆಯ ಜಾತಿಯ ವಾಸನೆಗಳನ್ನು ಹತ್ತಿಗಿಂತ ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದು ಅದೇ ಪಾಲಿಸ್ಟರ್.