ಹೆಡ್ ಗ್ಯಾಸ್ಕೆಟ್ ಕೂರಿಸುವ ಕೈ

ಬೆಳಗೋಡಿನ ಕಾಫಿ ತೋಟಗಳ ಏರಿನಲ್ಲಿ ಮೂಟೆ ಹೇರಿಕೊಂಡು ಹತ್ತುವ ಡೀಸೆಲ್ ಜೀಪನ್ನು ಕಂಡರೆ ಎಲ್ಲರೂ ಎಂಜಿನ್ನನ್ನು ಹೊಗಳುತ್ತಾರೆ. ನನ್ನ ಮೆಚ್ಚುಗೆ ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂತ ಗ್ಯಾಸ್ಕೆಟ್ಟಿಗೆ. ಉರಿಯುವ ಅನಿಲ, ಆಯಿಲ್, ನೀರು ಒಂದಕ್ಕೊಂದು ಬೆರೆಯದಂತೆ ಕಾಯುವುದು ಆ ತೆಳು ಹಾಳೆಯೇ.

ಆರಿಸುವುದೇ ದೊಡ್ಡ ಕೆಲಸ. ಎಷ್ಟೋ ಡೀಸೆಲ್ ಎಂಜಿನ್ನುಗಳಲ್ಲಿ ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆಂದು ಡಯಲ್ ಗೇಜಿನಲ್ಲಿ ಅಳೆದೇ ಗ್ಯಾಸ್ಕೆಟ್ಟಿನ ದಪ್ಪ ಗೊತ್ತುಮಾಡಬೇಕು. ಅಂಚಿನ ಕಚ್ಚುಗಳೋ ತೂತುಗಳೋ ಆ ದಪ್ಪದ ಗುರುತು. ಟರ್ಬೊ ಒತ್ತಡ ಏರಿಸಿದ ಎಂಜಿನ್ನಿಗೆ ಪದರ ಪದರದ ಉಕ್ಕಿನ ಗ್ಯಾಸ್ಕೆಟ್ಟೇ ಸರಿ. ಆದರೆ ಅದಕ್ಕೆ ತೀರಾ ನಯವಾದ ಮೈ ಬೇಕು.

ಪಳಗಿದ ಮೆಕ್ಯಾನಿಕ್ಕಿನ ಕೈ ನೋಡಬೇಕು. ಹೆಡ್ಡಿನ ಮೇಲೆ ನೇರ ಪಟ್ಟಿ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ ತೂರಿಸಿ ಸೊಟ್ಟ ಹುಡುಕುತ್ತಾರೆ. ಬೋಲ್ಟಿನ ತೂತಿನಲ್ಲಿ ನಿಂತ ಆಯಿಲನ್ನು ಬಟ್ಟೆಯಿಂದ ಹೀರಿಸುತ್ತಾರೆ. ಅದು ಉಳಿದರೆ ಟಾರ್ಕಿನ ಲೆಕ್ಕವೇ ಸುಳ್ಳಾಗುತ್ತದೆ, ಬ್ಲಾಕ್ ಸೀಳಲೂಬಹುದು. ಆಮೇಲೆ ಟಾರ್ಕ್ ರೆಂಚ್ ಹಿಡಿದು ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿಯುವುದು. ಪ್ರತಿ ಸುತ್ತಿನಲ್ಲೂ ಅದೇ ಕ್ರಮ, ಅದೇ ತಾಳ್ಮೆ. ಬಿಗಿದಾಗ ಹಿಗ್ಗುವ ಬಗೆಯ ಬೋಲ್ಟಾದರೆ, ಹಳೆಯದನ್ನೇ ಮತ್ತೆ ಹಾಕಿ ಎಂದು ಯಾರೆಷ್ಟು ಹೇಳಿದರೂ ಅವರು ಒಪ್ಪುವುದಿಲ್ಲ.