ಸಿಡಿಯಲ್ಲಿ ಭೀಮಸೇನರನ್ನು ಕೇಳುವ ಬಗೆ

 ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು 11ನೇ ವಯಸ್ಸಿಗೇ ಗುರುವನ್ನು ಅರಸಿ ಮನೆ ಬಿಟ್ಟರು. ಆ ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನರ ಜಿಂಝೋಟಿ ಠುಮ್ರಿಯ ಗ್ರಾಮಫೋನ್ ಪ್ಲೇಟು. ಅಂಥ ಪ್ಲೇಟಿನ ಒಂದು ಮಗ್ಗುಲಿಗೆ ಮೂರು-ಮೂರೂವರೆ ನಿಮಿಷದ ಹಾಡು. ಎಲ್‌ಪಿ ಬಂದಾಗ ಅದು ಇಪ್ಪತ್ತು ನಿಮಿಷ ದಾಟಿತು. 1982ರಲ್ಲಿ ಸೋನಿ, ಫಿಲಿಪ್ಸ್ ಕಂಪನಿಗಳ ಸಿಡಿ ಬಂದ ಮೇಲೆ 74 ನಿಮಿಷ. ವಿಲಂಬಿತದಿಂದ ದ್ರುತದವರೆಗೆ ರಾಗ ತುಂಡಾಗದೆ ಮನೆಯೊಳಗೆ ಬಂತು. ಖಯಾಲಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ.

ಈಗಿನ ಹೈ-ರೆಸ್ ಫೈಲು 24 ಬಿಟ್, 192 ಕಿಲೋಹರ್ಟ್ಸ್‌ವರೆಗೂ ಇರುತ್ತದೆ. ಸಿಡಿ 16 ಬಿಟ್, 44.1 ಕಿಲೋಹರ್ಟ್ಸ್. ಅಂಕಿಗೆ ಅಂಜಬೇಡಿ. ಸಿಡಿಯಲ್ಲಿ 20 ಕಿಲೋಹರ್ಟ್ಸ್‌ವರೆಗಿನ ನಾದ ಪೂರ್ತಿ ಉಳಿಯುತ್ತದೆ. ಅದರಾಚೆಗಿನದು ಎಳೆಯರ ಕಿವಿಗೂ ಕೇಳದು. ಮೆಲುದನಿಗೂ ಗಟ್ಟಿದನಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಅದರಲ್ಲಿ ಹಿಡಿಸುತ್ತದೆ. ಎಪ್ಪತ್ತರ ದಶಕದ ಟೇಪಿಗೆ ಅಷ್ಟು ಶಕ್ತಿಯೇ ಇರಲಿಲ್ಲ. ಧ್ವನಿಮುದ್ರಣ ಮಾಡುವವರಿಗೆ 24 ಬಿಟ್ ಬೇಕು. ಕೇಳುವವರು ನೋಡಬೇಕಾದ್ದು, ಹಳೆಯ ಟೇಪಿನಿಂದ ದನಿಯನ್ನು ಎಷ್ಟು ಎಚ್ಚರದಿಂದ ಇಳಿಸಿದ್ದಾರೆ ಎಂಬುದನ್ನು.

ಹೊಸಬರು ಮೊದಲು ತಂಬೂರಿಯನ್ನೇ ಕೇಳಿ. ಕಡಿಮೆ ಬಿಟ್‌ರೇಟಿನ ಎಂಪಿ3ಯಲ್ಲಿ ಬೇಗ ಮಸುಕಾಗುವುದು ಅದರ ಝೇಂಕಾರದ ಮೇಲ್ತುದಿ. ಸಿಡಿಯಲ್ಲಿ ಅದು ಸ್ವಚ್ಛವಾಗಿರುತ್ತದೆ. ಆಮೇಲೆ ಭೀಮಸೇನರ ಷಡ್ಜ ಆ ಝೇಂಕಾರದೊಳಗೆ ಹೇಗೆ ಕರಗುತ್ತದೆ, ಗಮನಿಸಿ. ಅವರ ಕಿರಾಣಾ ಘರಾಣೆಯಲ್ಲಿ ಒಂದೊಂದೇ ಸ್ವರಕ್ಕೆ ಜಾಗ ಕೊಡುತ್ತ ರಾಗ ಬೆಳೆಯುತ್ತದೆ, ಅವಸರ ಸಲ್ಲದು. ಮಂದ್ರದ ಆಲಾಪ ಸಣ್ಣಗೆ ಕೇಳಿತೆಂದು ವಾಲ್ಯೂಮ್ ಏರಿಸಬೇಡಿ. ಮುಂದೆ ತಾರ ಷಡ್ಜ ಸಿಡಿದಾಗ ಮೈ ಜುಮ್ಮೆನ್ನುವುದು ಆ ಅಂತರದಿಂದಲೇ. ದೀರ್ಘ ತಾನಿನ ಮುಂಚೆ ಅವರು ಎಳೆದುಕೊಳ್ಳುವ ಉಸಿರನ್ನೂ, ತಬಲಾದ ಸಮ್‌ಗೆ ಬಂದು ಮುಟ್ಟುವ ಘಳಿಗೆಯನ್ನೂ ತಪ್ಪಿಸಿಕೊಳ್ಳಬೇಡಿ.

ಸಿಡಿಯನ್ನು ಸರಿಯಾಗಿ ಫ್ಲ್ಯಾಕ್ ಫೈಲಿಗೆ ಇಳಿಸಿಕೊಂಡರೆ ಮಾಹಿತಿ ಒಂದಿಷ್ಟೂ ಕಳೆಯದು. ಆದರೂ ಪ್ಲೇಯರ್ ಇರಲಿ ಎನ್ನುತ್ತೇನೆ. ಮೊಬೈಲಿನಲ್ಲಿ ಮುಂದಿನ ಹಾಡು ಬೆರಳ ತುದಿಯಲ್ಲೇ ಇರುತ್ತದೆ. ತಟ್ಟೆ ಹಾಕಿದವರು ಒಂದೇ ರಾಗಕ್ಕೆ ಕೂರುತ್ತಾರೆ. ಸ್ಟ್ರೀಮಿಂಗ್ ಪಟ್ಟಿಯಿಂದ ಆಲ್ಬಂ ಮಾಯವಾದರೂ ಕಪಾಟಿನದು ಉಳಿಯುತ್ತದೆ. ಹಳೆಯ ಪ್ಲೇಯರಿಗೆ ಆಪ್ಟಿಕಲ್ ಔಟ್‌ಪುಟ್ ಇದ್ದರೆ ಹೊರಗಿನ ಡಿಎಸಿಗೆ (ಡಿಜಿಟಲ್-ಅನಲಾಗ್ ಪರಿವರ್ತಕಕ್ಕೆ) ಜೋಡಿಸಬಹುದು.

ನಮ್ಮ ಎರೆನೆಲದ ಗಾಳಿಯಲ್ಲಿ ಧೂಳು ವಿಪರೀತ. ಸಿಡಿಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ನೇರವಾಗಿ ಒರೆಸಿ, ಸುತ್ತಿಸಬೇಡಿ. ಲೇಬಲ್ ಇರುವ ಮೇಲ್ಮೈಯನ್ನು ಇನ್ನೂ ಜೋಪಾನ ಮಾಡಿ. ದನಿಯ ಲೋಹದ ಪದರ ಅದರ ಕೆಳಗೇ ಇದೆ.

ಸಂಜೆ ಮುಲ್ತಾನಿ ರಾಗದಿಂದ ಆರಂಭಿಸಿ. ಭೀಮಸೇನರದು ಕಿವಿಗೆ ಹಿಡಿದ ಮೇಲೆ ಮಲ್ಲಿಕಾರ್ಜುನ ಮನ್ಸೂರರ ಸಿಡಿ ಹಾಕಿ: ಅವರ ಜೈಪುರ-ಅತ್ರೌಲಿ ಘರಾಣೆಯ ನಡೆ ಹೆಚ್ಚು ಚುರುಕು, ಸ್ವರಗಳು ಒಂದರೊಳಗೊಂದು ಹೆಣೆದುಕೊಂಡೇ ಬರುತ್ತವೆ.